ಎರಿ ಹೊಲದ ದಾರಿಗೆ ಪಿಕಪ್ಪೋ ಎಸ್‌ಯುವಿಯೋ: ಕೈಕೊಡದ ಗಾಡಿಯನ್ನು ಆರಿಸುವ ಬಗೆ

ಹುಬ್ಬಳ್ಳಿ, ಗದಗ, ಹಾವೇರಿ ಸೀಮೆಯಲ್ಲಿ ಹೊಲ ಇರುವವರು ಗಾಡಿ ಕೊಳ್ಳಲು ಹೊರಟಾಗ ಮೊದಲು ಎತ್ತುವುದು ಮೈಲೇಜಿನ ಮಾತಲ್ಲ. ‘ನಡು ದಾರ್‍ಯಾಗ ಕೈ ಕೊಡೂದಿಲ್ಲ ಹೌದಿಲ್ರಿ?’ ಎಂಬ ಪ್ರಶ್ನೆ. ಇದಕ್ಕೆ ಕಂಪನಿಯ ಹೆಸರು ಹೇಳಿ ಉತ್ತರಿಸುವವರು ಬಹಳ ಮಂದಿ ಸಿಗುತ್ತಾರೆ. ಆದರೆ ಪಿಕಪ್ ಕೊಳ್ಳಬೇಕೋ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಫೋರ್ ಬೈ ಫೋರ್ ಎಸ್‌ಯುವಿ ಕೊಳ್ಳಬೇಕೋ ಎಂಬ ಗೊಂದಲ ಹೆಸರಿನಿಂದ ಬಗೆಹರಿಯುವಂಥದಲ್ಲ. ಅಣ್ಣಿಗೇರಿ ಹತ್ತಿರದ ನಮ್ಮ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಒಂದು ಪಿಕಪ್ ಒಂಬತ್ತು ವರ್ಷ ದುಡಿದಿದೆ. ಕಳೆದ ಐದು ವರ್ಷಗಳಿಂದ ಒಂದು ಎಸ್‌ಯುವಿ ಓಡಾಡುತ್ತಿದೆ. ಎರಡೂ ಕೆಟ್ಟು ನಿಂತದ್ದುಂಟು. ಯಾವಾಗ ಯಾವುದು ಏಕೆ ನಿಂತಿತು ಎಂದು ಹಿಂತಿರುಗಿ ನೋಡಿದರೆ, ಹೆಚ್ಚಿನ ಸಲ ಅವುಗಳದಲ್ಲದ ಕೆಲಸವನ್ನು ನಾವೇ ಅವುಗಳ ಮೇಲೆ ಹೇರಿದ್ದೆವು. ಹಾಗಾಗಿ ಗಾಡಿ ಎಷ್ಟು ಗಟ್ಟಿ ಎಂದು ವಿಚಾರಿಸುವ ಮೊದಲು, ವರ್ಷದ 365 ದಿನಗಳಲ್ಲಿ ಎಷ್ಟು ದಿನ ನೀವು ಭಾರ ಹೇರುತ್ತೀರಿ, ಎಷ್ಟು ದಿನ ಮನೆಮಂದಿಯನ್ನು ಕೂರಿಸಿಕೊಂಡು ಹೋಗುತ್ತೀರಿ ಎಂಬುದನ್ನು ಬರೆದಿಟ್ಟುಕೊಳ್ಳಬೇಕೆಂದು ನಾನು ಹೇಳುತ್ತೇನೆ. ಮುಂದಿನ ಮಾತೆಲ್ಲ ಆ ಲೆಕ್ಕದ ಮೇಲೆ ನಿಂತಿದೆ.

ಮೂಳೆ ಒಂದೇ, ಬೆನ್ನು ಬೇರೆ

ಪಿಕಪ್ ಮತ್ತು ಗಟ್ಟಿ ಎಸ್‌ಯುವಿ ಎರಡು ಬೇರೆ ಜಾತಿಯ ವಾಹನಗಳೆಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಇವು ಒಡಹುಟ್ಟಿದವು. ಎರಡಕ್ಕೂ ಏಣಿಯಾಕಾರದ ಉಕ್ಕಿನ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಬೇರೆಯಾಗಿ ಕೂರುತ್ತದೆ. ಟೊಯೋಟಾದ ಹೈಲಕ್ಸ್ ಮತ್ತು ಫಾರ್ಚೂನರ್ ಒಂದೇ ತಳಹದಿಯ ಮೇಲೆ ತಯಾರಾಗುತ್ತವೆ. ಎರಡರಲ್ಲಿಯೂ 204 ಅಶ್ವಶಕ್ತಿಯ ಅದೇ 2.8 ಲೀಟರ್ ಡೀಸೆಲ್ ಎಂಜಿನ್ ಇದೆ, ಎರಡೂ ನಮ್ಮ ಬಿಡದಿಯಿಂದಲೇ ಹೊರಬರುತ್ತವೆ. ಇಸುಜು ಡಿ-ಮ್ಯಾಕ್ಸ್ ಮತ್ತು ಎಂಯು-ಎಕ್ಸ್ ನಡುವಿನ ನಂಟೂ ಇಂಥದೇ. ಮಹೀಂದ್ರಾದ ಬೊಲೆರೋ ಹೆಸರಿನಲ್ಲಿಯೇ ಎಸ್‌ಯುವಿ ಇದೆ, ಐದು ಜನ ಕೂರುವ ಕ್ಯಾಂಪರ್ ಇದೆ, ಬರೀ ಸರಕಿನ ಪಿಕಪ್ಪೂ ಇದೆ. ಎಂಜಿನ್, ಗೇರ್‌ಬಾಕ್ಸ್‌ಗಳ ಬಾಳಿಕೆಯಲ್ಲಿ ‘ಪಿಕಪ್ ಗಟ್ಟಿ, ಎಸ್‌ಯುವಿ ನಾಜೂಕು’ ಎಂದು ಸಾರಾಸಗಟಾಗಿ ಹೇಳಲು ಬರುವುದಿಲ್ಲ. ವ್ಯತ್ಯಾಸ ಶುರುವಾಗುವುದು ಡ್ರೈವರ್ ಸೀಟಿನ ಹಿಂದೆ.

ಪಿಕಪ್ಪಿನ ಹಿಂದಿನ ಆಕ್ಸಲ್ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ. ಈ ಪಟ್ಟಿಗಳೇ ಭಾರ ಹೊರುತ್ತವೆ, ಈ ಪಟ್ಟಿಗಳೇ ಆಕ್ಸಲನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುತ್ತವೆ. ಹೀಗಾಗಿ ಬಿಡಿಭಾಗಗಳು ಕಡಿಮೆ, ಕೆಡುವ ಜಾಗಗಳೂ ಕಡಿಮೆ. ಒಂದು ಪಟ್ಟಿ ಮುರಿದರೂ ಮೆಲ್ಲಗೆ ಓಡಿಸಿಕೊಂಡು ಊರು ಸೇರಬಹುದು. ಇಂದಿನ ಎಸ್‌ಯುವಿಗಳಲ್ಲಿ ಹೆಚ್ಚಿನವು ಹಿಂದೆ ಕಾಯಿಲ್ ಸ್ಪ್ರಿಂಗ್ ಇಟ್ಟುಕೊಂಡಿವೆ. ಅಲ್ಲಿ ಸ್ಪ್ರಿಂಗಿಗೆ ಭಾರ ಹೊರುವುದಷ್ಟೇ ಕೆಲಸ. ಆಕ್ಸಲನ್ನು ಹಿಡಿಯಲು ಬೇರೆ ಬೇರೆ ಲಿಂಕ್‌ಗಳು, ಅವುಗಳ ತುದಿಗೆ ರಬ್ಬರ್ ಬುಷ್‌ಗಳು ಬೇಕು. ಈ ಏರ್ಪಾಟು ಗುಂಡಿಬಿದ್ದ ದಾರಿಯಲ್ಲಿ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಒಳಗೆ ಕುಳಿತವರ ಸೊಂಟ ಉಳಿಸುತ್ತದೆ. ಆದರೆ ವರ್ಷಗಟ್ಟಲೆ ಭಾರ ಹೊತ್ತರೆ ಮೊದಲು ಸೋಲುವುದೂ ಈ ಬುಷ್‌ಗಳು ಮತ್ತು ಶಾಕ್ ಅಬ್ಸಾರ್ಬರ್‌ಗಳು.

ಇದನ್ನು ನಾನು ಕೈಯಾರೆ ಕಲಿತೆ. ಎರಡು ವರ್ಷಗಳ ಹಿಂದೆ ಹಿಂಗಾರಿ ಬಿತ್ತನೆಯ ಅವಸರದಲ್ಲಿ ಎಸ್‌ಯುವಿಯ ಹಿಂದಿನ ಸೀಟು ಮಡಚಿ 50 ಕೆಜಿಯ ಡಿಎಪಿ ಗೊಬ್ಬರದ 12 ಚೀಲ ಹೇರಿದೆ. ಅದಲ್ಲದೆ ಮುಂದೆ ಇಬ್ಬರು ಕುಳಿತೆವು. ದಾರಿ ಬರೀ 22 ಕಿಲೋಮೀಟರ್. ಗಾಡಿ ನಿಲ್ಲಲಿಲ್ಲ, ಶಬ್ದವನ್ನೂ ಮಾಡಲಿಲ್ಲ. ಆದರೆ ಮಾರನೆಯ ವಾರ ಹಿಂದಿನ ಬಲಗಡೆಯ ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿತ್ತು, ಟೈರಿನ ಒಳಮಗ್ಗುಲಲ್ಲಿ ಬೆರಳಗಲದ ಉಜ್ಜಿದ ಗುರುತಿತ್ತು. ಅಂಥ ಹನ್ನೆರಡು ಚೀಲವನ್ನು ನಮ್ಮ ಹಳೆಯ ಪಿಕಪ್ ಭಾರವೆಂದೇ ಎಣಿಸುತ್ತಿರಲಿಲ್ಲ.

ಕಾಗದದ ತೂಕ, ಚೀಲದ ತೂಕ

ಪಿಕಪ್ಪಿನ ಬಾಳಿಕೆ ಮುಗಿಯುವುದು ಬಹುಪಾಲು ಅತಿಭಾರದಿಂದ. ಬೊಲೆರೋ ಪಿಕಪ್‌ಗಳು 1.3 ಟನ್ನಿನಿಂದ 1.7 ಟನ್ ಹೊರುವ ಮಾದರಿಗಳಲ್ಲಿ ಬಂದಿವೆ, ಕ್ಯಾಂಪರ್ ಸುಮಾರು 1 ಟನ್ ಹೊರುತ್ತದೆ, ಟಾಟಾ ಯೋಧ 2.0 ಎಂಬುದಕ್ಕೆ 2 ಟನ್ನಿನ ಸಾಮರ್ಥ್ಯ ಹೇಳಿದ್ದಾರೆ. ಇದನ್ನು ನಮ್ಮ ಮಾಲಿನ ಭಾಷೆಯಲ್ಲಿ ಓದಿಕೊಳ್ಳಬೇಕು. 60 ಕೆಜಿಯ ಗೋವಿನಜೋಳದ ಚೀಲಗಳಾದರೆ ಕ್ಯಾಂಪರ್‌ನಲ್ಲಿ 16 ಚೀಲಕ್ಕೆ ತೂಕ ಮುಗಿಯಿತು, ಬಾಡಿಯಲ್ಲಿ ಇನ್ನೂ ಜಾಗ ಕಾಣುತ್ತಿರುತ್ತದೆ. ಆ ಜಾಗ ನೋಡಿ ಇನ್ನೂ ಹತ್ತು ಚೀಲ ಒಗೆಯುವುದೇ ಆಕ್ಸಲ್ ಸೀಲು, ವೀಲ್ ಬೇರಿಂಗು, ಕ್ಲಚ್ಚುಗಳನ್ನು ತಿನ್ನುವ ಚಾಳಿ. ಬ್ಯಾಡಗಿ ಮಾರುಕಟ್ಟೆಗೆ ಒಣಮೆಣಸಿನಕಾಯಿ ಒಯ್ಯುವವರದು ಇದಕ್ಕೆ ತದ್ವಿರುದ್ಧ ಪಾಡು: ಕಾಯಿ ಹಗುರ, ಗಾತ್ರ ದೊಡ್ಡದು, ತೂಕ ಮುಟ್ಟುವ ಮೊದಲೇ ಬಾಡಿ ತುಂಬಿ ಮೇಲೇಳುತ್ತದೆ. ಅಲ್ಲಿ ಕೆಡುವುದು ಸ್ಪ್ರಿಂಗ್ ಅಲ್ಲ, ತೋಲ. ಎತ್ತರಕ್ಕೇರಿದ ಹೇರು ಹೆದ್ದಾರಿಯ ಅಡ್ಡಗಾಳಿಗೆ ಓಲಾಡುತ್ತದೆ. ಹತ್ತಿಯೂ ಹಾಗೆಯೇ. ಗೋವಿನಜೋಳ, ಕಡಲೆ, ಉಳ್ಳಾಗಡ್ಡಿ ಸಾಗಿಸುವವರು ತೂಕದ ಸಾಮರ್ಥ್ಯ ನೋಡಬೇಕು. ಮೆಣಸಿನಕಾಯಿ, ಹತ್ತಿ ಸಾಗಿಸುವವರು ಬಾಡಿಯ ಉದ್ದಗಲ ನೋಡಬೇಕು.

ಇಲ್ಲಿ ಒಂದು ಎಚ್ಚರಿಕೆ. 2016ರಿಂದ ಮಾರಾಟದಲ್ಲಿರುವ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಹೈಲಕ್ಸ್ ಮುಂತಾದ ದುಬಾರಿ ಪಿಕಪ್‌ಗಳು ಬಿಳಿ ಬೋರ್ಡಿನ ಖಾಸಗಿ ವಾಹನಗಳಾಗಿ ನೋಂದಣಿಯಾಗುತ್ತವೆ. ಅವುಗಳ ಮೈಗಾತ್ರ ನೋಡಿ ಒಂದು ಟನ್ ಹೊರುತ್ತವೆಂದು ತಿಳಿಯುವವರಿದ್ದಾರೆ. ಅನುಮತಿ ಇರುವ ತೂಕ ಅದರ ಹತ್ತಿರಕ್ಕೂ ಬರುವುದಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ, ಉಳಿದದ್ದರಲ್ಲಿ ಕುಳಿತವರ ತೂಕವನ್ನೂ ಕಳೆಯಿರಿ. ಮಾಲಿಗೆ ಉಳಿಯುವುದು ಅಷ್ಟೇ. ಇವು ಹಿಂದೆ ತೆರೆದ ಬಾಡಿ ಇರುವ ಎಸ್‌ಯುವಿಗಳೆಂದು ತಿಳಿದು ಕೊಂಡವರಿಗೆ ಬೇಸರವಾಗುವುದಿಲ್ಲ. ಸಂತೆಯ ಹೇರಿಗೆಂದು ಕೊಂಡವರಿಗೆ ಆಗುತ್ತದೆ.

ಎರಿ ನೆಲದ ಪರೀಕ್ಷೆ

ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಮಳೆಯಾದರೆ ನೀರು ಇಂಗಿ ಅರ್ಧ ದಿನಕ್ಕೆ ದಾರಿ ಗಟ್ಟಿಯಾಗುತ್ತದೆ. ಎರಿಯ ಗುಣವೇ ಬೇರೆ. ಅದರ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಂದಕ್ಕೊಂದು ಅಂಟುತ್ತವೆ, ಒಣಗಿದಾಗ ಇಟ್ಟಿಗೆಯಂತೆ ಬಿಗಿಯುತ್ತವೆ. ನವಲಗುಂದ, ನರಗುಂದ, ರೋಣದ ಚಕ್ಕಡಿ ದಾರಿಗಳಲ್ಲಿ ಎರಡು ಹದ ಮಳೆಯಾದ ಮೇಲೆ ಗಾಡಿ ಹೂತರೆ ಅದು ಎಂಜಿನ್ನಿನ ಸೋಲಲ್ಲ. ಟೈರಿನ ಗೀರುಗಳಲ್ಲೆಲ್ಲ ಮಣ್ಣು ತುಂಬಿ ಟೈರು ನುಣ್ಣಗಿನ ಉರುಳೆಯಾಗಿಬಿಟ್ಟಿರುತ್ತದೆ.

ಇಂಥ ನೆಲದಲ್ಲಿ ಖಾಲಿ ಪಿಕಪ್ ಅತ್ಯಂತ ನಿಸ್ಸಹಾಯಕ ವಾಹನ. ಎಂಜಿನ್ ಮತ್ತು ಕ್ಯಾಬಿನ್ನಿನ ಭಾರವೆಲ್ಲ ಮುಂದೆ, ತಿರುಗುವ ಚಕ್ರಗಳು ಹಿಂದೆ. ಒತ್ತಿ ಹಿಡಿಯಲು ಹಿಂದೆ ಏನೂ ಇಲ್ಲದ್ದರಿಂದ ಚಕ್ರ ಅಲ್ಲೇ ಸುತ್ತಿ ಗುಂಡಿ ತೋಡುತ್ತದೆ. ಅದೇ ಪಿಕಪ್ಪಿಗೆ ಐದಾರು ಚೀಲ ಹೇರಿದರೆ ಹಿಡಿತ ಬರುತ್ತದೆ. ನಮ್ಮ ಪಿಕಪ್ಪಿನ ಕ್ಲಚ್ ಮೊದಲ ಸಲ ಸುಟ್ಟದ್ದು ಭಾರ ಹೊತ್ತು ಅಲ್ಲ, ಖಾಲಿ ಗಾಡಿಯನ್ನು ಕೆಸರಿನಿಂದ ಎಬ್ಬಿಸಲು ಅರ್ಧ ಕ್ಲಚ್ಚಿನಲ್ಲಿ ಕಾಲು ಗಂಟೆ ಒದ್ದಾಡಿ. ಫೋರ್ ಬೈ ಫೋರ್ ಎಸ್‌ಯುವಿಯಲ್ಲಿ ಭಾರ ಮುಂದೆ ಹಿಂದೆ ಹೆಚ್ಚು ಸಮವಾಗಿ ಹಂಚಿರುತ್ತದೆ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತದೆ, ಲೋ ರೇಂಜ್ (ವೇಗ ಇಳಿಸಿ ಎಳೆಯುವ ಬಲ ಹೆಚ್ಚಿಸುವ ಗೇರು) ಹಾಕಿದರೆ ಕ್ಲಚ್ ಸುಡದೆ ನಡೆಯ ವೇಗದಲ್ಲಿ ಹೊರಬರಬಹುದು. 2020ರ ಥಾರ್, ಐದು ಬಾಗಿಲಿನ ಜಿಮ್ನಿ, ಫೋರ್ಸ್ ಗೂರ್ಖಾ ಈ ಮೂರೂ ಲೋ ರೇಂಜ್ ಇರುವ ಗಾಡಿಗಳು. ಗೂರ್ಖಾದಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳಿಗೆ (ಎಡಬಲದ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿಗೆ) ಲಾಕ್ ಉಂಟು, ಒಂದು ಚಕ್ರ ಜಾರಿದರೂ ಇನ್ನೊಂದು ತಿರುಗುತ್ತದೆ. ಥಾರ್ ಹೆಸರಿನಲ್ಲಿಯೇ 2023ರಿಂದ ಹಿಂದಿನ ಚಕ್ರಗಳಷ್ಟೇ ತಿರುಗುವ ಮಾದರಿಯೂ ಬಂದಿದೆ, ಆದ್ದರಿಂದ ಹೆಸರು ನೋಡಿ ಮುಂಗಡ ಕೊಡಬಾರದು.

ಭಾರದ ಮಾತು ಇನ್ನೊಂದಿದೆ. ಜಿಮ್ನಿ ಸುಮಾರು 1,200 ಕೆಜಿ ತೂಗುತ್ತದೆ, ಉದ್ದ 4 ಮೀಟರಿನೊಳಗೆ. ಹೈಲಕ್ಸ್ 2 ಟನ್ ಮೀರಿದ್ದು, ಉದ್ದ 5.3 ಮೀಟರ್. ಎರಿಯಲ್ಲಿ ಹಗುರವಾದದ್ದು ಕಡಿಮೆ ಹೂಳುತ್ತದೆ, ಹೂತರೂ ನಾಲ್ಕು ಜನ ಸೇರಿ ದಬ್ಬಿದರೆ ಮೇಲೇಳುತ್ತದೆ. ಎರಡು ಬದುಗಳ ನಡುವಿನ ಚಕ್ಕಡಿ ದಾರಿಯಲ್ಲಿ 5.3 ಮೀಟರಿನ ಗಾಡಿಯನ್ನು ಹೊರಳಿಸಲು ಯಾರದೋ ಬೆಳೆಯ ಮೇಲೆ ಚಕ್ರ ಹಾಯಿಸಬೇಕಾಗುತ್ತದೆ, ಅದರಿಂದ ಹುಟ್ಟುವ ಜಗಳ ಯಾವ ಗ್ಯಾರೇಜಿನಲ್ಲೂ ರಿಪೇರಿಯಾಗುವುದಿಲ್ಲ.

ಹೊಲದಿಂದ ಡಾಂಬರಿಗೆ ಬಂದ ಮೇಲೆ ಅರವತ್ತು ಎಪ್ಪತ್ತರ ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗುವುದನ್ನು ಈ ಭಾಗದವರೆಲ್ಲ ಕಂಡಿದ್ದಾರೆ. ಬೇರಿಂಗ್ ಹೋಯಿತೆಂದು ಹೆದರಿ ಗ್ಯಾರೇಜಿಗೆ ಓಡುವ ಮೊದಲು ಗಾಡಿ ನಿಲ್ಲಿಸಿ ರಿಮ್ಮಿನ ಒಳಗೈಗೆ ಬೆರಳಾಡಿಸಿ ನೋಡಬೇಕು. ಒಂದೇ ಕಡೆ ಹಿಡಿಯಷ್ಟು ಮಣ್ಣು ಒಣಗಿ ಕುಳಿತಿರುತ್ತದೆ, ಚಕ್ರದ ತೋಲ ತಪ್ಪಲು ಅಷ್ಟು ಸಾಕು. ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಹೆಂಚಿನ ಚೂರಿನಂತೆ ಕಳಚಿ ಬೀಳುತ್ತದೆ. ಅದೇ ಮಣ್ಣು ಬ್ರೇಕ್ ಡ್ರಮ್ಮಿನ ಅಂಚಿನಲ್ಲಿ, ಬುಷ್‌ಗಳ ಸಂದಿಯಲ್ಲಿ ಕುಳಿತರೆ ಕಾಣುವುದಿಲ್ಲ, ತೇಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಪ್ರತಿ ಸಲ ತಳಭಾಗವನ್ನು ನೀರಿನಿಂದ ತೊಳೆಯುವವರ ಗಾಡಿ, ಅದು ಯಾವುದೇ ಇರಲಿ, ತೊಳೆಯದವರ ಗಾಡಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಫೋರ್ ಬೈ ಫೋರ್ ಕೊಂಡವರು ಎರಡು ಮಾತು ನೆನಪಿಡಬೇಕು. ನಾನು ಹೇಳಿದ ಗಾಡಿಗಳಲ್ಲಿ ಲಿವರ್ ಎಳೆದು ಇಲ್ಲವೇ ಗುಂಡಿ ತಿರುಗಿಸಿ ಫೋರ್ ಬೈ ಫೋರ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದೇ ವೇಗಕ್ಕೆ ಕಟ್ಟಿಹಾಕಲ್ಪಡುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಹೊಂದಿಕೊಳ್ಳುತ್ತದೆ, ಒಣ ಡಾಂಬರಿನಲ್ಲಿ ಹೊಂದಿಕೊಳ್ಳಲು ದಾರಿಯಿಲ್ಲ. ತಿರುವಿನಲ್ಲಿ ಗೇರುಗಳು, ಶಾಫ್ಟುಗಳು ಬಿಗಿದು ಒತ್ತಡ ತಿನ್ನುತ್ತವೆ. ಹೊಲ ದಾಟಿದ ಕೂಡಲೇ ಟೂ ವೀಲ್‌ಗೆ ಮರಳಬೇಕು. ಇದಕ್ಕೆ ವಿರುದ್ಧವಾದ ತಪ್ಪೆಂದರೆ ವರ್ಷವಿಡೀ ಅದನ್ನು ಹಾಕದೇ ಬಿಡುವುದು. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿದರೆ ಒಳಗಿನ ಎಣ್ಣೆ ಹರಿದಾಡುತ್ತದೆ, ಬೇಕಾದ ದಿನ ಲಿವರ್ ಕಚ್ಚಿಕೊಳ್ಳುವುದಿಲ್ಲ.

ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿ ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳದ ದಂಡೆಯವರಿಗೆ ನೀರಿನ ಆಳದ ಅಂಕಿಗಳು ಆಕರ್ಷಕವಾಗಿ ಕಾಣುತ್ತವೆ: ಥಾರ್‌ಗೆ 650 ಮಿಲಿಮೀಟರ್, ಹೈಲಕ್ಸ್ ಮತ್ತು ಗೂರ್ಖಾಕ್ಕೆ 700. ಇವು ತಳ ಗಟ್ಟಿಯಿರುವ ನಿಂತ ನೀರಿನ ಅಂಕಿಗಳು. ಮೇಲ್ಭಾಗದಲ್ಲಿ ಮಳೆಯಾಗಿ ಹಳ್ಳ ಬಂದಾಗ ಯಾವ ಗಾಡಿಯನ್ನೂ ಇಳಿಸಬಾರದು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಸಣ್ಣ ನೀರು ದಾಟಿದ ಮೇಲೂ ಕೆಲಸವಿದೆ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಉಸಿರುಕೊಳವೆ ಅಥವಾ ಹಳೆಯ ಸೀಲಿನ ಮೂಲಕ ನೀರು ಒಳಸೇರುತ್ತದೆ. ಡಿಫರೆನ್ಷಿಯಲ್ಲಿನ ತಿರುಪು ಸ್ವಲ್ಪ ಸಡಿಲಿಸಿ ಒಂದು ಚಮಚ ಎಣ್ಣೆ ತೆಗೆದು ನೋಡಿದರೆ ಗೊತ್ತಾಗುತ್ತದೆ: ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅಂದೇ ಬದಲಿಸಬೇಕು. ಪಿಕಪ್ಪಿಗೂ ಎಸ್‌ಯುವಿಗೂ ಇದು ಸಮಾನ.

ಹೊಸ ಡೀಸೆಲ್ಲಿನ ತೊಡಕು

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮದಿಂದಾಗಿ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಸೇರಿಕೊಂಡಿದೆ. ಹಿಡಿದ ಮಸಿಯನ್ನು ಆಗಾಗ ಸುಟ್ಟುಕೊಳ್ಳಲು ಅದಕ್ಕೆ ಹೆಚ್ಚು ಬಿಸಿ ಬೇಕು, ಆ ಬಿಸಿ ಬರಬೇಕಾದರೆ ಗಾಡಿ ಒಂದೇ ಸಮನೆ ಸ್ವಲ್ಪ ಹೊತ್ತು ವೇಗವಾಗಿ ಓಡಬೇಕು. ಮನೆಯಿಂದ ಹೊಲ ಐದು ಕಿಲೋಮೀಟರ್, ಹೊಲದಿಂದ ಮನೆ ಐದು ಕಿಲೋಮೀಟರ್, ನಡುವೆ ಗಾಡಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ಮಾತು: ಇಂಥ ದಿನಚರಿಯಲ್ಲಿ ಜರಡಿ ತುಂಬುತ್ತಲೇ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿದ ಮೇಲೂ ಅಲಕ್ಷ್ಯ ಮಾಡಿದರೆ ಗಾಡಿ ಶಕ್ತಿ ಕಳೆದುಕೊಂಡು ತೆವಳುತ್ತದೆ, ಆಗ ಸ್ಕ್ಯಾನರ್ ಇರುವ ವರ್ಕ್‌ಶಾಪಿಗೇ ಹೋಗಬೇಕು. ವಾರಕ್ಕೊಮ್ಮೆ ಗದಗ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡುವ ಗಾಡಿಗೆ ಈ ಕಾಟ ಕಡಿಮೆ. ಸಂತೆ, ಮಾರುಕಟ್ಟೆ ಎಂದು ಓಡಾಡುವ ಪಿಕಪ್ಪಿಗೆ ಇದು ತಾನಾಗಿಯೇ ನಡೆದುಹೋಗುತ್ತದೆ, ಊರೊಳಗೇ ಉಳಿಯುವ ಡೀಸೆಲ್ ಎಸ್‌ಯುವಿಗೆ ನಡೆಯುವುದಿಲ್ಲ. ಬರೀ ಹತ್ತಿರದ ಓಡಾಟವಿರುವವರು ಪೆಟ್ರೋಲ್ ಜಿಮ್ನಿಯನ್ನೋ ಪೆಟ್ರೋಲ್ ಥಾರನ್ನೋ ನೋಡುವುದು ಲೇಸು. ಇಂಧನದ ಖರ್ಚು ಹೆಚ್ಚಾದರೂ ಈ ಒಂದು ತಲೆನೋವು ಇರುವುದಿಲ್ಲ. ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ ಸುರಿಯುವ ರೂಢಿಯನ್ನು ಹೊಸ ಎಂಜಿನ್‌ಗಳು ತಡೆದುಕೊಳ್ಳುವುದಿಲ್ಲ. ಅದರಲ್ಲಿ ಸೇರಿದ ಹನಿ ನೀರು ಇಂಜೆಕ್ಟರ್‌ಗಳನ್ನು ಹಾಳುಮಾಡುತ್ತದೆ.

ಸುಗ್ಗಿಯ ಕಾಲದಲ್ಲಿ ರಾಶಿಯ ಹೊಟ್ಟು ರೇಡಿಯೇಟರಿನ ಮುಂದೆ ಕಂಬಳಿಯಂತೆ ಹೊದೆಯುತ್ತದೆ, ಏರ್ ಫಿಲ್ಟರ್ ತುಂಬುತ್ತದೆ. ಕಂಪನಿ ಹೇಳಿದ ಕಿಲೋಮೀಟರಿಗೆ ಕಾಯದೆ ಆಗಾಗ ತೆಗೆದು ನೋಡಬೇಕು.

ರಿಪೇರಿ ಎಷ್ಟು ದೂರ

ಕೆಟ್ಟ ಗಾಡಿ ಎಷ್ಟು ದಿನ ನಿಲ್ಲುತ್ತದೆ ಎಂಬುದೂ ನಂಬಿಕೆಯ ಲೆಕ್ಕವೇ. ಬೊಲೆರೋ 2000ನೇ ಇಸವಿಯಿಂದ ಓಡುತ್ತಿದೆ; ಅದರ ಎಸ್‌ಯುವಿಯಾಗಲಿ ಪಿಕಪ್ಪಾಗಲಿ, ಮುಂಡರಗಿಯ, ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಬಿಚ್ಚಲು ಗೊತ್ತಿಲ್ಲದ ಮಿಸ್ತ್ರಿ ಇಲ್ಲ, ಬಿಡಿಭಾಗಕ್ಕಾಗಿ ವಾರ ಕಾಯಬೇಕಾಗಿಲ್ಲ. ಹೈಲಕ್ಸ್, ವಿ-ಕ್ರಾಸ್, ಗೂರ್ಖಾಗಳು ಕೆಡುವುದು ಅಪರೂಪವಿರಬಹುದು, ಆದರೆ ಕೆಟ್ಟಾಗ ಹುಬ್ಬಳ್ಳಿಗೋ ಅದಕ್ಕೂ ಆಚೆಗೋ ಎಳೆದುಕೊಂಡು ಹೋಗಬೇಕಾಗಬಹುದು. ಮುಂಗಡ ಕೊಡುವ ಮೊದಲು ಆ ಕಂಪನಿಯ ವರ್ಕ್‌ಶಾಪಿಗೆ ಹೋಗಿ ಕ್ಲಚ್ ಪ್ಲೇಟು, ವೀಲ್ ಬೇರಿಂಗು, ಮುಂದಿನ ಬ್ರೇಕ್ ಪ್ಯಾಡು ಈ ಮೂರು ಇಂದೇ ಇವೆಯೇ ಎಂದು ಬಿಡಿಭಾಗದ ಕೌಂಟರಿನಲ್ಲಿ ಕೇಳಿ. ಶೋರೂಮಿನ ಮಾತಿಗಿಂತ ಆ ಕೌಂಟರಿನ ಉತ್ತರಕ್ಕೆ ಬೆಲೆ ಹೆಚ್ಚು.

ಕಾಗದಪತ್ರದ ಮಾತು ಚಿಕ್ಕದು. ಹಳದಿ ಬೋರ್ಡಿನ ಪಿಕಪ್ಪಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಇದನ್ನು ಕಿರಿಕಿರಿ ಎನ್ನುತ್ತಾರೆ. ಬ್ರೇಕು, ದೀಪ, ಸ್ಟೀರಿಂಗ್ ಸರಿಮಾಡಿಸಲು ನಮ್ಮನ್ನು ಒತ್ತಾಯಿಸಿದ್ದು ಅದೇ ಎಂದು ನಾನು ಹೇಳುತ್ತೇನೆ. ಕೂಲಿಯವರನ್ನು ಹಿಂದಿನ ಬಾಡಿಯಲ್ಲಿ ನಿಲ್ಲಿಸಿಕೊಂಡು ಹೋಗುವ ರೂಢಿ ಮಾತ್ರ ಬೇಡ. ಸರಕಿನ ಗಾಡಿಯಲ್ಲಿ ಹೀಗೆ ಹತ್ತಿದವರಿಗೆ ಅಪಘಾತದಲ್ಲಿ ವಿಮೆಯ ಪರಿಹಾರ ದಕ್ಕುವುದು ಕಷ್ಟ, ಜೀವ ಹೋದರೆ ಯಾವ ಪರಿಹಾರವೂ ಸಾಲದು. ಆಳುಗಳನ್ನು ಕರೆದೊಯ್ಯುವುದೇ ದಿನದ ಕೆಲಸವಾದರೆ ಸೀಟಿರುವ ಗಾಡಿಯೇ ಬೇಕು.

ಹಳೆಯ ಗಾಡಿ ಕೊಳ್ಳುವವರು ಪಿಕಪ್ಪಿನ ಕೆಳಗೆ ಮಲಗಿ ಎಡಬಲದ ಲೀಫ್ ಪಟ್ಟಿಗಳನ್ನು ಎಣಿಸಬೇಕು. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಸೇರಿಸಿದ್ದರೆ ಆ ಗಾಡಿ ಅತಿಭಾರ ಹೊತ್ತಿದೆ ಎಂದೇ ತಿಳಿಯಬೇಕು, ಚಾಸಿಯ ಮೇಲೆ ವೆಲ್ಡಿಂಗ್ ಗುರುತಿದ್ದರೆ ಎದ್ದು ಬರಬೇಕು. ಎಸ್‌ಯುವಿಯಲ್ಲಿ ಲೋ ರೇಂಜ್ ಹಾಕಿ ಓಡಿಸಿ ನೋಡಬೇಕು, ಮುಂದಿನ ಡಿಫರೆನ್ಷಿಯಲ್ಲಿನ ಎಣ್ಣೆಯನ್ನೂ ತೆಗೆಸಿ ನೋಡಬೇಕು.

ನನ್ನ ಆಯ್ಕೆ ಹೀಗಿದೆ. ವರ್ಷಕ್ಕೆ ನೂರು ದಿನಕ್ಕಿಂತ ಹೆಚ್ಚು ಭಾರವಿದ್ದು, ಮಾರುಕಟ್ಟೆಯ ದಾರಿ ಬಹುಪಾಲು ಡಾಂಬರಾಗಿರುವ ಬ್ಯಾಡಗಿ, ರಾಣೆಬೆನ್ನೂರು, ಸವಣೂರು ಕಡೆಯವರಿಗೆ ಸರಳ ಪಿಕಪ್ಪೇ ಸರಿ. ಮನೆಮಂದಿಯೂ ಜೊತೆಗಿರಬೇಕೆಂದರೆ ಕ್ಯಾಂಪರ್‌ನಂಥ ಡಬಲ್ ಕ್ಯಾಬಿನ್. ರೋಣ, ನರಗುಂದ, ನವಲಗುಂದದ ಎರಿಯಲ್ಲಿ ಮಳೆಗಾಲದಲ್ಲಿಯೂ ದಿನಾಲೂ ಹೊಲ ಮುಟ್ಟಲೇಬೇಕಾದವರು ಹಗುರ ಫೋರ್ ಬೈ ಫೋರ್ ಎಸ್‌ಯುವಿ ಇಟ್ಟುಕೊಂಡು ಸುಗ್ಗಿಯ ಹದಿನೈದಿಪ್ಪತ್ತು ದಿನಕ್ಕೆ ಬಾಡಿಗೆ ಪಿಕಪ್ ಹಿಡಿಯುವುದು ಒಳ್ಳೆಯದು. ನಾವು ಈಗ ಮಾಡುತ್ತಿರುವುದು ಇದನ್ನೇ. ಮಳೆ ಹೆಚ್ಚಿರುವ ಕಲಘಟಗಿ, ಹಾನಗಲ್ಲ ಕಡೆಗೂ ಇದೇ ಮಾತು ಒಪ್ಪುತ್ತದೆ. ಹುಬ್ಬಳ್ಳಿಯಲ್ಲಿಯೋ ಧಾರವಾಡದಲ್ಲಿಯೋ ಮನೆಯಿದ್ದು ರವಿವಾರ ಮಾತ್ರ ಹೊಲಕ್ಕೆ ಹೋಗುವವರಿಗೆ 5.3 ಮೀಟರಿನ ಪಿಕಪ್ ಓಣಿಯಲ್ಲಿ ನಿಲ್ಲಿಸಲೂ ಭಾರ, ಖಾಲಿ ಓಡಿಸಲೂ ಭಾರ. ಯಾವುದನ್ನೇ ಗೊತ್ತುಮಾಡಿದರೂ ಹಣ ಕಟ್ಟುವ ಮೊದಲು, ಅದೇ ಮಾದರಿಯ ಗಾಡಿ ಇರುವ ಪರಿಚಯದವರನ್ನು ಒಂದು ಹದ ಮಳೆಯಾದ ಮರುದಿನ ನಿಮ್ಮ ಹೊಲದವರೆಗೆ ಬರಲು ಕೇಳಿಕೊಳ್ಳಿ, ಹೋಗುವಾಗ ಖಾಲಿ ಹೋಗಿ, ಬರುವಾಗ ನಿಮ್ಮ ಮಾಲು ಹೇರಿಕೊಂಡು ಬನ್ನಿ.